ಮೂರು ಹೊತ್ತಿನ ಹಾಲು

ಭಾಲ್ಕಿಯ ಅಕ್ಕನ ಖಾತೆಗೆ ಈ ತಿಂಗಳ ನಾಲ್ಕು ಸಾವಿರ ಜಮಾ ಆದ ಸುದ್ದಿ ಫೋನಿಗೆ ಬಂದಾಗ ಮಚ್ಛೇಂದ್ರ ಬೀದರಿನ ತನ್ನ ಬಾಡಿಗೆ ಮನೆಯ ಬಚ್ಚಲಲ್ಲಿ ಅರ್ಧ ಬಕೆಟ್ ನೀರಿನೆದುರು ಕುಕ್ಕರುಗಾಲಲ್ಲಿ ಕೂತಿದ್ದ. ಪ್ಲಾಸ್ಟಿಕ್ ಟಬ್ಬಿನೊಳಗೆ ನಿಂತು ಮೈಮೇಲೆ ಸುರಿದುಕೊಂಡರೆ ಅದೇ ನೀರು ಆಮೇಲೆ ಪಾಯಖಾನೆಗೂ ಆಗುತ್ತದೆ, ಅಂದರೆ ಒಂದು ಬಕೆಟ್ಟಿಗೆ ಎರಡು ಬಕೆಟ್ಟಿನ ಪ್ರತಿಫಲ, ನೂರಕ್ಕೆ ನೂರು, ಇಂಥ ಫಂಡು ಭೂಮಿಯ ಮೇಲೆ ಯಾವುದಿದೆ ಎಂದು ಅವನು ಯೋಚಿಸುತ್ತಿದ್ದ. ಮ್ಯೂಚುವಲ್ ಫಂಡಿನ ಏಜೆಂಟನಾದ ಅವನಿಗೆ ಎಲ್ಲದರ ಪ್ರತಿಫಲ ಅಳೆಯುವುದು ಕಸುಬು, ಕಸುಬಾಗಿದ್ದದ್ದು ಬರಬರುತ್ತಾ ಕಾಯಿಲೆಯಾಗಿತ್ತು. ಮದುವೆಯ ಊಟಕ್ಕೆ ಹೋದರೆ ಕೊಟ್ಟ ಮುಯ್ಯಿಗೂ ಉಂಡ ಹೋಳಿಗೆಗೂ ಇರುವ ಪ್ರಮಾಣ ತೆಗೆಯುತ್ತಿದ್ದ. ಒಮ್ಮೆ ಹೆಂಡತಿ ಮೈಗೆ ಹುಷಾರಿಲ್ಲದೆ ಮಲಗಿದ್ದಾಗ ಅವಳ ತಲೆ ಒತ್ತುತ್ತಾ, ಮದುವೆಯಾದಂದಿನಿಂದ ಇಂದಿನವರೆಗೆ ಒಟ್ಟು ಸುಖದ ವಾರ್ಷಿಕ ಸರಾಸರಿ ಎಷ್ಟಾಗಬಹುದು ಎಂದು ಲೆಕ್ಕಕ್ಕೆ ಇಳಿದು, ತನಗೇ ಹೇಸಿಗೆಯಾಗಿ ಎದ್ದು ಹೋಗಿದ್ದ. ಈಗ ಜಮಾ ಆದ ಸುದ್ದಿಯ ಬೆನ್ನಿಗೇ ಇನ್ನೊಂದು ಸುದ್ದಿ ಬಂತು. ಗುರಿ ಮುಟ್ಟಿದ ಏಜೆಂಟರನ್ನು ಪುಕ್ಕಟೆಯಾಗಿ ಸಮುದ್ರ ತೋರಿಸಲು ಕರೆದೊಯ್ಯುವ ಫಂಡಿನ ಕಂಪನಿಯದು. ಪ್ರಿಯ ಮಚ್ಛೇಂದ್ರಜೀ, ಬ್ಯಾಂಕಾಕ್ ನಿಮ್ಮ ದಾರಿ ಕಾಯುತ್ತಿದೆ, ಈ ತಿಂಗಳ ಗುರಿಗೆ ಇನ್ನು ಸ್ವಲ್ಪವೇ ಬಾಕಿ. ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುವ ಊರಿನಲ್ಲಿ ತನ್ನ ದಾರಿಯನ್ನು ಒಂದು ಸಮುದ್ರ ಕಾಯುತ್ತಿರುವುದು ತಿಳಿದು ಅವನು ಒಂದು ತಂಬಿಗೆ ಹೆಚ್ಚು ಸುರಿದುಕೊಂಡ.

ಅಕ್ಕ ಸುಭದ್ರಾಬಾಯಿಯ ಗಂಡ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು, ಎದೆನೋವಿನಿಂದ ತೀರಿಕೊಂಡರು. ಸರ್ಕಾರ ಕೊಟ್ಟ ಐದು ಲಕ್ಷವನ್ನು ಅಕ್ಕ ಯಾರನ್ನೂ ಕೇಳದೆ ತಮ್ಮನ ಮುಂದೆ ಇಟ್ಟಿದ್ದಳು. ತಮ್ಮ ಎಂಕಾಂ ಓದಿದವನು, ಓದಿಸಿದ್ದು ಅದೇ ಡ್ರೈವರಿನ ಸಂಬಳ. ಮಚ್ಛೇಂದ್ರ ಆ ದುಡ್ಡನ್ನು ಅಕ್ಷಯಧಾರಾ ಎಂಬ ಫಂಡಿನಲ್ಲಿ, ತಿಂಗಳು ತಿಂಗಳು ಲಾಭಾಂಶ ಬರುವ ಹಾಗೆ ಹಾಕಿಸಿದ. ಹಾಕಿಸುವಾಗ ಅವನು ಸುಳ್ಳು ಹೇಳಿರಲಿಲ್ಲ, ಕಂಪನಿ ಕೊಟ್ಟ ಬಣ್ಣದ ಕಾಗದವನ್ನು ಓದಿ ಹೇಳಿದ್ದ, ಅಷ್ಟೆ. ಲಾಭಾಂಶ ಎಂಬುದು ಲಾಭವಿದ್ದಾಗ ಮಾತ್ರ ಅಂಶವಾಗಿ ಬರುತ್ತದೆ ಎಂದು ಅಕ್ಕ ಅಂದುಕೊಂಡದ್ದು ಅವಳ ತಪ್ಪೇನಲ್ಲ, ಹೆಸರೇ ಹಾಗಿದೆ. ಅವಳಿಗೆ ನಾಲ್ಕು ಸಾವಿರ ಕೊಟ್ಟ ದಿನವೇ ಅವಳ ಯೂನಿಟ್ಟುಗಳ ಬೆಲೆ ಅಷ್ಟೇ ಇಳಿಯುತ್ತಿತ್ತು. ಮೊದಲು ಮಾರುಕಟ್ಟೆ ಮೇಲಿದ್ದಾಗ ಆ ಇಳಿತ ತುಂಬಿ ಬರುತ್ತಿತ್ತು, ಆಮೇಲೆ ತುಂಬಲಿಲ್ಲ. ಎರಡು ವರ್ಷದಲ್ಲಿ ಬಂದದ್ದನ್ನೂ ಉಳಿದದ್ದನ್ನೂ ಕೂಡಿಸಿದರೆ ಅಕ್ಕನ ನಿಜವಾದ ಗಳಿಕೆ ಆರು ಸಾವಿರ ರೂಪಾಯಿ. ಅದೇ ಎರಡು ವರ್ಷದಲ್ಲಿ ಅದೇ ದುಡ್ಡಿನ ಮೇಲೆ ತಮ್ಮನಿಗೆ ಬಂದ ಕಮಿಷನ್ ಒಂಬತ್ತು ಸಾವಿರ. ಈ ಎರಡು ಅಂಕಿಗಳನ್ನು ಅವನು ಎಂದೂ ಅಕ್ಕಪಕ್ಕ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ, ಬಚ್ಚಲಲ್ಲಿ ಕೂತರೆ ತಾವೇ ಎದುರಿಗೆ ಬಂದು ಕೂರುತ್ತಿದ್ದವು. ಅತ್ತ ಭಾಲ್ಕಿಯ ಓಣಿಯಲ್ಲಿ ಸುಭದ್ರಾಬಾಯಿ ದೊಡ್ಡ ಮನುಷ್ಯಳಾಗಿದ್ದಳು. ಬೋರು ಬತ್ತಿ, ಗಂಡಸರು ಪುಣೆಗೂ ಹೈದರಾಬಾದಿಗೂ ಹೋಗಿ, ಉಳಿದವರು ಕೊಡ ಹಿಡಿದು ನಿಂತ ಆ ವರ್ಷದಲ್ಲಿ ತಿಂಗಳು ತಪ್ಪದೆ ಹಣ ಬರುವ ಹೆಂಗಸು ಆಕೆಯೊಬ್ಬಳೇ. ಆ ಹಣದಲ್ಲಿ ಟ್ಯಾಂಕರು ತರಿಸಿ ಓಣಿಗೆಲ್ಲ ಎರಡೆರಡು ಕೊಡ ಹಂಚಿದ್ದಳು. ಪುಣ್ಯವೆಲ್ಲ ತಮ್ಮನ ಹೆಸರಿಗೆ ಜಮಾ ಆಗಿತ್ತು. ಹೋದ ಭಾನುವಾರ ಫೋನ್ ಮಾಡಿ, ‘ತಮ್ಮಾ, ನಮ್ಮ ಹಾಲಿನ ಗಿರಿಜಾಬಾಯಿಗೂ ಒಂದ್ ಫಂಡ್ ಹಚ್ಚಿ ಕೊಡಬೇಕು ನೋಡು, ಗುರುವಾರ ಬಾ. ಅವತ್ತೇ ಸಂಜಿಮುಂದ ಅವರು ಹೈದ್ರಾಬಾದಿಗಿ ಹೊಂಟಾರ’ ಅಂದಿದ್ದಳು. ಇವತ್ತು ಗುರುವಾರ.

ಬೀದರ್ ಬಸ್ಟ್ಯಾಂಡಿನಲ್ಲಿ ಹೈದರಾಬಾದಿನ ಬಸ್ಸುಗಳ ಮೇಲೆಲ್ಲ ಕೊಡ, ಬೋಗುಣಿ, ಜೋಳದ ಚೀಲ. ಭಾಲ್ಕಿಯ ಬಸ್ಸು ಮಾತ್ರ ಖಾಲಿ, ಬರದ ಕಡೆಗೆ ಹೋಗುವವರು ಯಾರಿದ್ದಾರೆ. ಕಿಟಕಿಯ ಪಕ್ಕ ಕೂತು, ಇವತ್ತು ಹೇಳಿಬಿಡುತ್ತೇನೆ, ಗಿರಿಜಾಬಾಯಿಗೆ ಈ ಫಂಡು ಬೇಡ ಎಂದು ಸಾಫ್ ಹೇಳಿಬಿಡುತ್ತೇನೆ ಎಂದು ಅವನು ನಿರ್ಧರಿಸಿದ. ನಿರ್ಧರಿಸಿದ ಕೂಡಲೇ ಬ್ಯಾಂಕಾಕ್ ನೆನಪಾಯಿತು. ಹೋದ ವರ್ಷ ಹೋಗಿ ಬಂದ ಏಜೆಂಟ್ ನಜಮೋದ್ದೀನ ಸಮುದ್ರದೊಳಗೆ ನಿಂತು ತೆಗೆಸಿಕೊಂಡ ಫೋಟೋವನ್ನು ಅಂಗಡಿಯಲ್ಲಿ ಕಟ್ಟುಹಾಕಿಸಿ ಇಟ್ಟಿದ್ದಾನೆ. ಗಿರಾಕಿಗಳು ಮೊದಲು ಅದನ್ನು ನೋಡಿ ಆಮೇಲೆ ಸಹಿ ಮಾಡುತ್ತಾರೆ. ಏಜೆಂಟನೇ ಇಷ್ಟು ದೂರ ಹೋಗಿ ಬರುತ್ತಾನೆ ಎಂದರೆ ಫಂಡು ಇನ್ನೆಷ್ಟು ದೂರ ಹೋಗಿರಬೇಡ! ಹೊರಗೆ ಕಂದಿಹೋದ ಹೊಲಗಳ ನಡುವೆ ಒಂದು ಎಮ್ಮೆ ಒಣಗಿದ ಕೆರೆಯಂಗಳದಲ್ಲಿ ನಿಂತು, ಒಂದು ಕಾಲದಲ್ಲಿ ಇಲ್ಲಿ ನೀರಿತ್ತಲ್ಲ ಎಂಬಂತೆ ನೆಲ ಮೂಸುತ್ತಿತ್ತು. ಔರಾದಿನ ದನದ ಸಂತೆಯಲ್ಲಿ ಅಪ್ಪ ನರಸಿಂಗ ದಲಾಲಿ ಮಾಡುತ್ತಿದ್ದ. ಮಾರುವವರು ಹಿಂದಿನ ದಿನವೆಲ್ಲ ಎಮ್ಮೆಯನ್ನು ಹಿಂಡದೆ ಬಿಟ್ಟು, ತುಂಬಿ ಬಿಗಿದ ಕೆಚ್ಚಲಿನೊಂದಿಗೆ ತರುತ್ತಿದ್ದರು. ಎಮ್ಮೆ ನೋವಿಗೆ ಕಾಲಗಲಿಸಿ ನಿಂತಿರುತ್ತಿತ್ತು, ಕೊಳ್ಳುವವರು ಅದನ್ನು ಗತ್ತು ಎಂದುಕೊಳ್ಳುತ್ತಿದ್ದರು. ಬುದ್ಧಿವಂತರು ಮಾತ್ರ ಮಾರುವವನ ಮನೆಗೇ ಹೋಗಿ ಉಳಿದು, ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ, ಮೂರು ಹೊತ್ತು ಎದುರಿಗೇ ಹಿಂಡಿಸಿ ನೋಡಿ, ಆಮೇಲೆ ದುಡ್ಡು ಬಿಚ್ಚುತ್ತಿದ್ದರು. ಬೆಲೆ ಎಲ್ಲರೆದುರಿಗೆ ಬಾಯಿಬಿಟ್ಟು ಹೇಳುವ ಮಾತಲ್ಲ. ಅಪ್ಪ ಹೆಗಲ ಟವಲನ್ನು ತೆಗೆದು ಇಬ್ಬರ ಕೈಮೇಲೆ ಹೊದಿಸುತ್ತಿದ್ದ. ಒಳಗೆ ಬೆರಳು ಬೆರಳನ್ನು ಹಿಡಿದು, ಒಂದು ಬೆರಳಿಗೆ ಒಂದು ಸಾವಿರದ ಲೆಕ್ಕದಲ್ಲಿ, ಮಾತಾಡಿಕೊಳ್ಳುತ್ತಿದ್ದವು, ಮೇಲೆ ಮುಖಗಳು ಮಳೆಯ ಸುದ್ದಿ ಹೇಳುತ್ತಿದ್ದವು. ಟವಲಿನೊಳಗೆ ಕೈ ಹಿಂದಕ್ಕೆಳೆದರೆ ಬೇಡ ಎಂದಲ್ಲ, ಇನ್ನೂ ಹೆಚ್ಚು ಬೇಕು ಎಂದು ಅರ್ಥ, ಬೆರಳನ್ನು ಗಟ್ಟಿಯಾಗಿ ಒತ್ತಿದರೆ ಸೌದಾ ಕುದುರಿತು ಎಂದು. ಎಂಕಾಂ ಓದಿದ ಮೇಲೆ ಮಚ್ಛೇಂದ್ರನಿಗೆ ಈ ದನದ ಸಂತೆಯ ನೆನಪು ನಾಚಿಕೆ ತರುತ್ತಿತ್ತು. ಹೈದರಾಬಾದಿನ ಹೋಟೆಲಿನಲ್ಲಿ ಕಂಪನಿಯ ಮೀಟಿಂಗಿನಲ್ಲಿ ಟೈ ಕಟ್ಟಿದವನೊಬ್ಬ, ನಿಮ್ಮ ತಂದೆಯವರು ಏನು ಮಾಡುತ್ತಾರೆ ಎಂದು ಕೇಳಿದಾಗ, ಟ್ರೇಡಿಂಗಿನಲ್ಲಿದ್ದರು ಎಂದಿದ್ದ. ಸುಳ್ಳೇನಲ್ಲ.

ಅಕ್ಕನ ಮನೆಯಲ್ಲಿ ಬುದ್ಧನ ಫೋಟೋದ ಕೆಳಗೆ, ಬಾಬಾಸಾಹೇಬರ ಫೋಟೋದ ಪಕ್ಕ, ಭಾವನ ಡ್ರೈವರ್ ಡ್ರೆಸ್ಸಿನ ಫೋಟೋ. ನೆಲದ ಮೇಲೆ ಚಾಪೆ ಹಾಸಿತ್ತು. ಗಿರಿಜಾಬಾಯಿ ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದಳು, ಪಕ್ಕದ ಮನೆಯ ಶಾಲುಬಾಯಿ ಮಜಾ ನೋಡಲು ಬಂದವಳಂತೆ ಕಾಲು ಚಾಚಿದ್ದಳು. ಜೈ ಭೀಮ್ ಅಂದದ್ದಕ್ಕೆ ಮೂವರೂ ಜೈ ಭೀಮ್ ಅಂದರು.

‘ಕುಂದ್ರು ತಮ್ಮಾ, ಬಿಸಲಾಗ ಬಂದೀದಿ. ನೀರ ಕುಡಿ. ಕುಡದು ಉಳದ್ರ ಚೆಲ್ಲಬ್ಯಾಡ ಮತ್ತ, ಅದಕ್ಕೂ ರೊಕ್ಕಾ ಕೊಟ್ಟೀನಿ.’

‘ಯಾರ ರೊಕ್ಕಾ ಕೊಟ್ಟೀ? ತಮ್ಮ ಕಳಿಸಿದ್ದೇ ಅಲ್ಲೇನ?’ ಎಂದಳು ಶಾಲುಬಾಯಿ. ‘ಕೈಗುಣಾ ಛಲೋ ಅದ ನೋಡ್ರಿ ನಿಮ್ದು. ನಮ್ಮ ಅಣ್ಣತಮ್ಮಂದ್ರು ಅದಾರ, ಪಂಚಮಿಗಿ ಕರಿಲಿಕ್ಕೂ ಬರಂಗಿಲ್ಲ.’

ಮಚ್ಛೇಂದ್ರ ನಕ್ಕ. ಅರ್ಧ ಕುಡಿದ ಗ್ಲಾಸನ್ನು ನೆಲದ ಮೇಲಿಟ್ಟ. ಗಿರಿಜಾಬಾಯಿ ಸೆರಗು ಸರಿಮಾಡಿಕೊಂಡು ಮಾತಿಗೆ ಶುರುಮಾಡಿದಳು. ಅವಳೂ ಅವಳ ಗಂಡ ಪಂಢರಿಯೂ ಸಾಯಗಾಂವದವರು, ಭಾಲ್ಕಿಗೆ ಬಂದು ಎರಡು ಎಮ್ಮೆ ಕಟ್ಟಿ ಓಣಿಗೆ ಹಾಲು ಹಾಕುತ್ತಿದ್ದವರು. ‘ಎರಡೂ ಎಮ್ಮಿ ಮಾರಿಬಿಟ್ಟೇವ್ರಿ ಅಣ್ಣಾವ್ರ. ನಮಗೇ ನೀರಿಲ್ಲ, ಅವಕ್ಕೆಲ್ಲಿಂದ ತರೋಣ್ರಿ? ಮಳಿ ಹತ್ತಿತು ಅಂದ್ರ ತಿರಗಿ ಬಂದು ಎರಡು ಎಮ್ಮಿ ತರಬೇಕ್ರಿ. ಎರಡಕ್ಕೂ ಕಡಿಮಿ ಬೀಳಬಾರದು, ಅಷ್ಟೇ ನೋಡ್ರಿ ನಮ್ಮ ಆಸಿ. ಅಲ್ಲೀತನಕ ಅಕ್ಕಾರ ಫಂಡಿನಾಗ ಇಡ್ರಿ. ತಿಂಗಳಾ ಏನ್ ಬರ್ತದ ಅದು ಹೈದ್ರಾಬಾದಿನಾಗ ಖೋಲಿ ಬಾಡಿಗಿಗಿ ಆಗ್ತದ.’

‘ಗಿರಿಜಾಬಾಯಿ, ಫಂಡು ಅಂದ್ರ...’

‘ನಾ ನೋಡೀನ್ರಿ. ಎಮ್ಮಿ ತಗೊಳ್ಳಾಗ ನಾವು ಮೂರು ಹೊತ್ತು ಹಿಂಡಿ ನೋಡ್ತೇವಿ. ಇದಕ್ಕ ಮೂರು ತಿಂಗಳಾ ನೋಡೀನಿ. ಅಕ್ಕಾರ ಫೋನು ಟಣ್ ಅಂದ ಕೂಡ್ಲೇ ಕೇಳ್ತಿದ್ದೆ, ಎಷ್ಟ ಬಂತ್ರಿ ಅಂತ. ಒಂದ್ ಹೊತ್ತೂ ತಪ್ಪಲಿಲ್ಲ, ಒಂದ್ ತಟಕೂ ಕಡಿಮಿ ಆಗಲಿಲ್ಲ.’

ಮೂರು ಹೊತ್ತು ಎಂಬ ಮಾತು ಕೇಳಿ ಮಚ್ಛೇಂದ್ರನಿಗೆ ಅಪ್ಪನ ಟವಲಿನ ಬೆವರು ವಾಸನೆ ಮೂಗಿಗೆ ಬಡಿದಂತಾಯಿತು. ಕಂಪನಿಯವರು ಎಂಥ ಜಾಣರು, ಒಂದು ಹೊತ್ತೂ ತಪ್ಪದ ಹಾಗೆ, ಒಂದು ತೊಟ್ಟೂ ಏರುಪೇರಾಗದ ಹಾಗೆ ಕೊಡುತ್ತಾರೆ. ಜೀವ ಇರುವ ಯಾವ ಎಮ್ಮೆಯಾದರೂ ಹಾಗೆ ಕೊಡುತ್ತದೆಯೇ ಎಂದು ಇಷ್ಟು ವರ್ಷ ಎಮ್ಮೆ ಸಾಕಿದ ಈ ಹೆಂಗಸಿಗೆ ಅನುಮಾನ ಬರಬೇಡವೇ? ಬರಲಿಲ್ಲ. ತನಗೆ ಗೊತ್ತಿರುವ ವಿದ್ಯೆಯನ್ನು ಗೊತ್ತಿಲ್ಲದ ಪ್ರಾಣಿಯ ಮೇಲೆ ಶ್ರದ್ಧೆಯಿಂದ ಪ್ರಯೋಗಿಸಿ ಪಾಸು ಮಾಡಿದ್ದಳು. ಹಾಗೆ ನೋಡಿದರೆ ಅವನ ಬೀದರಿನ ಗಿರಾಕಿಗಳು ಇದಕ್ಕಿಂತ ಮೇಲೇನಲ್ಲ. ಹತ್ತು ರೂಪಾಯಿಯ ಯೂನಿಟ್ಟು ಸೋವಿ, ನಾಲ್ಕುನೂರರದ್ದು ತುಟ್ಟಿ ಎಂದು ಹಟ ಹಿಡಿಯುವ ಪ್ರೊಫೆಸರ್ ಹಾವಗೆಪ್ಪ, ಹೋದ ವರ್ಷ ಮೊದಲನೆಯ ನಂಬರು ಬಂದ ಫಂಡನ್ನೇ ಕೊಡಿ ಎಂದು ಪೇಪರು ಕತ್ತರಿಸಿ ತರುವ ಡಾಕ್ಟರು. ಅವರಿಗೆ ತಿಳಿಹೇಳಲು ಹೋಗಿ ಅವನು ಎಷ್ಟು ಸಲ ಗಿರಾಕಿ ಕಳೆದುಕೊಂಡಿದ್ದಾನೆ. ಈಗ ಇವಳ ಮುಂದೆ ಬಾಯಿ ಬಿಡದಿದ್ದರೆ ಎಂದೂ ಬಿಡಲಾರೆ ಎನ್ನಿಸಿ, ಭಾವನ ಫೋಟೋದ ಕಡೆ ನೋಡದೆ, ಒಂದೇ ಉಸಿರಿಗೆ ಅಂದ.

‘ಕೇಳ್ರಿ ಇಲ್ಲಿ. ಈ ಫಂಡು ಬರಾಬರ್ ಇಲ್ಲ. ಅಕ್ಕಗ ತಿಂಗಳಾ ಬರೋದು ಲಾಭ ಅಲ್ಲ. ಆಕಿ ರೊಕ್ಕಾನೇ ಕೊಯ್ದು ಕೊಯ್ದು ಆಕಿಗೇ ಕೊಡ್ತಾರ. ಐದು ಲಕ್ಷ ಹಾಕಿದ್ದಳು, ಈಗ ಒಳಗ ನಾಕು ಲಕ್ಷ ಹತ್ತು ಸಾವಿರ ಉಳದದ. ಎಮ್ಮಿ ಹಾಲ ಕೊಡಾಕತ್ತಿಲ್ಲ, ಅದರ ಮೈಯಾಗಿನ ಮಾಂಸ ಕರಗಿ ಬರಾಕತ್ತದ. ನಿಮಗ ಬ್ಯಾಡ್ರಿ ಇದು. ಮಳಿ ಬಂದ ಕೂಡ್ಲೇ ಬೇಕಾಗೋ ರೊಕ್ಕಾ, ಬ್ಯಾಂಕಿನಾಗೇ ಇರ್ಲಿ.’

ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದು ಅವನು ಎಲ್ಲೋ ಓದಿದ್ದ. ಹಗುರಾಗಲಿಲ್ಲ. ಶಾಲುಬಾಯಿ ಚಾಚಿದ ಕಾಲನ್ನು ಮಡಚಿಕೊಂಡಳು. ಅಕ್ಕ ನೆಲದ ಮೇಲಿದ್ದ ಅವನ ನೀರಿನ ಗ್ಲಾಸನ್ನೇ ನೋಡಿದಳು. ಆಮೇಲೆ ಜೋರಾಗಿ ನಕ್ಕಳು.

‘ಬ್ಯಾಸಗಿಯಾಗ ಯಾವ ದನಾ ಸೊರಗಂಗಿಲ್ಲ ಹೇಳು? ಸೊರಗಿದ್ರೂ ಹಾಲಂತೂ ಕೊಡಾಕತ್ತದಲ್ಲ. ಮಳಿ ಬಂದ್ರ ತಾನೇ ಮೈ ತುಂಬಕೋತದ.’

‘ಖರೇ ಮಾತು ನೋಡ್ರಿ’ ಎಂದು ಶಾಲುಬಾಯಿ ಮತ್ತೆ ಕಾಲು ಚಾಚಿದಳು.

ಹೈದರಾಬಾದಿನ ಹೋಟೆಲಿನಲ್ಲಿ ಟೈ ಕಟ್ಟಿದವನು ನಲವತ್ತು ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ, ಇಂಗ್ಲಿಷಿನಲ್ಲಿ ಒಂದು ತಾಸು ಕೊರೆದು ಹೇಳಿದ್ದೂ ಇದೇ ಮಾತು. ಅಲ್ಲಿ ಅದಕ್ಕೆ ಚಪ್ಪಾಳೆ ಬಿದ್ದಿತ್ತು, ಊಟಕ್ಕೆ ಬಿರಿಯಾನಿ ಇತ್ತು. ಗಿರಿಜಾಬಾಯಿ ಮಾತ್ರ ನಗಲಿಲ್ಲ. ಕಣ್ಣು ಕಿರಿದುಮಾಡಿ ಅವನನ್ನೇ ನೋಡಿದಳು, ಆ ನೋಟ ಅವನಿಗೆ ಗುರುತಾಯಿತು. ಸಂತೆಯಲ್ಲಿ ಒಳ್ಳೆಯ ದನ ಕಂಡವನು ಮೊದಲು ಮಾಡುವ ಕೆಲಸ ಅದನ್ನು ಹಳಿಯುವುದು. ಕೊಂಬು ಸೊಟ್ಟ, ಹಲ್ಲು ಸವೆದಿದೆ, ಹೊಟ್ಟೆಬಾಕ ಎಂದು ಹಳಿದಷ್ಟೂ ಅವನಿಗೆ ಅದು ಬೇಕಾಗಿದೆ, ಬೇರೆಯವರ ಪಾಲಾಗುವುದು ಬೇಡವಾಗಿದೆ ಎಂದು ಸುತ್ತ ನಿಂತವರು ತಿಳಿಯಬೇಕು. ಹೊಗಳುವವನು ತೊಲಗಿಸಲು ನಿಂತವನು. ಎಂಟು ವರ್ಷದಿಂದ ಬಣ್ಣದ ಕಾಗದ ಓದಿ ಹೊಗಳಿದ ಫಂಡುಗಳ ಬಗ್ಗೆ ಹುಟ್ಟದ ನಂಬಿಕೆ ಈ ಹೆಂಗಸಿನ ಮುಖದಲ್ಲಿ ಈಗ, ಅವನ ಬಾಯಿಂದ ಮೊದಲ ಸಲ ನಿಜ ಬಿದ್ದ ಕ್ಷಣದಲ್ಲಿ, ಗಟ್ಟಿಯಾಗಿ ಕೂತಿತು.

‘ಇರ್ಲಿ ಬಿಡ್ರಿ ಅಣ್ಣಾವ್ರ’ ಎಂದಳು ಮೆಲ್ಲಗೆ. ‘ನಮ್ಮದು ಸಣ್ಣ ರೊಕ್ಕಾ. ಬಡವರದು ಬ್ಯಾಂಕಿನಾಗ, ಅಕ್ಕಾರದು ಫಂಡಿನಾಗ. ತಿಳೀತ್ರಿ.’

ಅಕ್ಕ ಚಹಾದ ನೆಪ ಮಾಡಿ ಅವನನ್ನು ಅಡಿಗೆಮನೆಗೆ ಕರೆದಳು. ಕರೆದವಳು ಚಹಾಕ್ಕೆ ಕೈ ಹಾಕಲಿಲ್ಲ. ‘ಓಣಿಯಾಗ ನನ್ನ ಮರ್ಯಾದಿ ತೆಗಿಲಿಕ್ಕಿ ಬಂದೀಯೇನ? ಆಕಿ ಎಂಟು ವರ್ಷ ನನಗ ಹಾಲ ಹಾಕ್ಯಾಳ, ಒಂದ್ ದಿನಾ ನೀರ ಬೆರಸಿಲ್ಲ. ನಿಮ್ಮ ಭಾವ ಸತ್ತಾಗ ಹದಿಮೂರು ದಿನಾ ಪುಕ್ಕಟ ಹಾಕ್ಯಾಳ. ಆಕಿಗಿ ಹಂಗ್ಯಾಕ ಅಂದಿ? ನನಗ ಕೊಟ್ಟದ್ದು ಆಕಿಗಿ ಕೊಡಲಿಕ್ಕಿ ಏನ್ ರೋಗ ನಿನಗ?’

‘ಅಕ್ಕಾ, ನಾ ಹೇಳಿದ್ದು ಖರೇ ಅದ. ನಿನ್ನ ರೊಕ್ಕಾ ಖರೇನೇ...’

‘ಖರೇ ಇದ್ರ ನನಗ್ಯಾಕ ಹಚ್ಚಿ ಕೊಟ್ಟಿ?’

ಕೇಳಿದ ಪ್ರಶ್ನೆಯೇ ಅಕ್ಕನಿಗೆ ಉತ್ತರವಾಗಿತ್ತು. ಸ್ವಂತ ಅಕ್ಕನಿಗೆ ಯಾವ ತಮ್ಮ ಕೆಟ್ಟದ್ದು ಹಚ್ಚಿ ಕೊಡುತ್ತಾನೆ? ಸೆರಗಿನಿಂದ ಅವನ ಹಣೆಯ ಬೆವರು ಒರೆಸಿ, ‘ಬಿಸಲಿಗಿ ತಲಿ ಕೆಟ್ಟದ ನಿಂದು’ ಎಂದಳು. ಅವನಿಗೆ ಅಳು ಬಂತು, ಮೂವತ್ತೆಂಟರ ವಯಸ್ಸಿನಲ್ಲಿ, ಸಿಲಿಂಡರಿನ ಪಕ್ಕ ನಿಂತು. ಬಂದ ಅಳುವನ್ನೂ ಅವನು ನಂಬಲಿಲ್ಲ.

ಸಂಜೆ ಬಸ್ಟ್ಯಾಂಡಿಗೆ ಅಕ್ಕನೇ ಅವನನ್ನು ಗಿರಿಜಾಬಾಯಿ ಮತ್ತು ಅವಳ ಗಂಡನ ಜೊತೆ ಕಳಿಸಿದಳು. ಪಂಢರಿ ಎತ್ತರದ ಒಣಕಲು ಮನುಷ್ಯ, ಎರಡು ಚೀಲ, ಒಂದು ಸ್ಟೋವು ಕೆಳಗಿಟ್ಟು ನಿಂತಿದ್ದ. ಹೆಂಡತಿ ಅವನ ಕಿವಿಯಲ್ಲಿ ಏನೋ ಹೇಳಿ ದೂರ ಹೋಗಿ ಬಸ್ಸಿನ ಬಾಗಿಲ ಬಳಿ ನಿಂತಳು. ಪಂಢರಿ ಹತ್ತಿರ ಬಂದ. ‘ಈ ಸಲ ಮಳಿ ಛಲೋ ಆಗ್ತದಂತ್ರಿ ಸಾಹೇಬ್ರ, ರೇಡಿಯೋದಾಗ ಹೇಳ್ಯಾರ’ ಎನ್ನುತ್ತಾ ಹೆಗಲ ಟವಲನ್ನು ತೆಗೆದು ಮಚ್ಛೇಂದ್ರನ ಬಲಗೈ ಮೇಲೆ ಹೊದಿಸಿ, ಒಳಗೆ ಕೈ ತೂರಿಸಿ, ಅವನ ಎರಡು ಬೆರಳು ಹಿಡಿದ.

ಎರಡು ಸಾವಿರ. ಒಳ್ಳೆಯ ಫಂಡನ್ನು ಬಚ್ಚಿಟ್ಟುಕೊಂಡ ದಲಾಲನಿಗೆ ಮೇಲಿನ ಕಾಣಿಕೆ. ಮಚ್ಛೇಂದ್ರ ಕೈಯನ್ನು ಹಿಂದಕ್ಕೆಳೆದುಕೊಂಡ. ಪಂಢರಿ ಕೈ ಬಿಡಲಿಲ್ಲ, ಮೂರನೆಯ ಬೆರಳನ್ನೂ ಸೇರಿಸಿ ಹಿಡಿದ. ‘ಬ್ಯಾಡ್ರಿ’ ಎಂದ ಮಚ್ಛೇಂದ್ರ. ಬಾಯಿಯ ಮಾತಿಗೆ ಟವಲಿನ ಹೊರಗೆ ಏನು ಬೆಲೆ, ಪಂಢರಿ ತಲೆಯಾಡಿಸಿ, ‘ಹೌದ್ರಿ, ಹೋದ ವರ್ಷ ಅಂತೂ ಒಂದ್ ಹನಿನೂ ಬೀಳಲಿಲ್ಲ’ ಎಂದ. ಮಚ್ಛೇಂದ್ರ ಇನ್ನೂ ಜೋರಾಗಿ ಎಳೆದ. ಈಗ ನಾಲ್ಕು ಬೆರಳು. ಬಾಗಿಲ ಬಳಿ ನಿಂತ ಗಿರಿಜಾಬಾಯಿ ಗಂಡನ ಮುಖವನ್ನೇ ನೋಡುತ್ತಿದ್ದವಳು ತನಗರಿವಿಲ್ಲದೆ ಕಿವಿಯ ಓಲೆ ಮುಟ್ಟಿಕೊಂಡಳು. ಇನ್ನೊಮ್ಮೆ ಎಳೆದರೆ ಆ ಓಲೆಯೂ ಬರುತ್ತದೆ, ಆಮೇಲೆ ಸ್ಟೋವೂ ಬರುತ್ತದೆ. ಎಷ್ಟು ಪ್ರಾಮಾಣಿಕನಾದರೆ ಇವರು ಅಷ್ಟು ಬರಿಗೈಯಾಗುತ್ತಾರೆ. ಅಪ್ಪ ಸತ್ತು ಹನ್ನೊಂದು ವರ್ಷವಾದ ಮೇಲೆ ಅಪ್ಪನ ಕಸುಬು ಅವನ ಬೆರಳಿಗೆ ತಾನೇ ಬಂತು. ಪಂಢರಿಯ ಕೈಯನ್ನು ತಿರುಗಿಸಿ, ಒಂದೇ ಒಂದು ಬೆರಳನ್ನು ಹಿಡಿದು, ಗಟ್ಟಿಯಾಗಿ ಒತ್ತಿದ. ಸೌದಾ.

ಪಂಢರಿ ಬೆರಗಾಗಿ ಅವನ ಮುಖ ನೋಡಿದ. ನಾಲ್ಕಕ್ಕೆ ಒಪ್ಪಬಹುದಾಗಿದ್ದ ದಲಾಲ ಒಂದಕ್ಕೆ ಇಳಿದಿದ್ದ. ‘ಭಾರೀ ಇಮಾನದಾರ ಮನಿಷಾ ಇದ್ದೀರಿ ಸಾಹೇಬ್ರ’ ಎಂದ, ಕಣ್ಣುಗಳು ಒದ್ದೆಯಾಗಿದ್ದವು. ಅಂಗಿಯ ಒಳಜೇಬಿನಿಂದ ಒಂದು ಸಾವಿರ ರೂಪಾಯಿ, ಎರಡು ಎಮ್ಮೆ ಮಾರಿದ ದುಡ್ಡಿನ ಚೆಕ್ಕು, ಹೈದರಾಬಾದಿನ ಕೂಲಿಗೆ ಕರೆಸಿಕೊಂಡ ಗುತ್ತಿಗೆದಾರ ಮಾಡಿಸಿಕೊಟ್ಟಿದ್ದ ಪ್ಯಾನ್ ಕಾರ್ಡಿನ ನಕಲು, ಅಕ್ಕ ಮೊದಲೇ ಸಹಿ ಹಾಕಿಸಿ ಇಟ್ಟಿದ್ದ ಅರ್ಜಿ ತೆಗೆದುಕೊಟ್ಟ. ಬಸ್ಸು ಹೊರಟಾಗ ಗಿರಿಜಾಬಾಯಿ ಕಿಟಕಿಯಿಂದ ಬಗ್ಗಿ ಕೂಗಿದಳು.

‘ಅಣ್ಣಾವ್ರ, ಎರಡೂ ಬರ್ತಾವಲ್ರಿ?’

‘ಬರ್ತಾವ್ರಿ’ ಎಂದ ಮಚ್ಛೇಂದ್ರ.

ಬೀದರಿನ ಬಸ್ಸಿನಲ್ಲಿ ಅವನು ಅರ್ಜಿಯನ್ನು ಬ್ಯಾಗಿನ ಮೇಲೆ ಬಿಡಿಸಿ ಇಟ್ಟುಕೊಂಡ. ಫಂಡಿನ ಹೆಸರಿನ ಜಾಗ ಖಾಲಿ ಇತ್ತು. ಅಲ್ಲಿ ಬೇರೆ ಹೆಸರು ಬರೆಯಬಹುದು. ಕಂಪನಿಯಲ್ಲೇ ಇನ್ನೊಂದು ಫಂಡಿದೆ, ಬಡ್ಡಿ ಬ್ಯಾಂಕಿನಷ್ಟೇ, ಬೇಕೆಂದ ಮರುದಿನ ದುಡ್ಡು ವಾಪಸ್ಸು, ಕಮಿಷನ್ ಇಲ್ಲವೆನ್ನುವಷ್ಟು, ಬ್ಯಾಂಕಾಕಿನ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ ಇಟ್ಟರೆ ಎರಡು ಎಮ್ಮೆ ಎರಡೇ ಎಮ್ಮೆಯಾಗಿ ಉಳಿಯುತ್ತವೆ. ಅಕ್ಷಯಧಾರೆಯಲ್ಲಿ ಇಟ್ಟರೆ ತಿಂಗಳು ತಿಂಗಳು ಕರಗಿ, ಮಾರುಕಟ್ಟೆ ಬಿದ್ದರೆ ಇನ್ನಷ್ಟು ಕರಗಿ, ವರ್ಷದೊಳಗೆ ತೆಗೆದದ್ದಕ್ಕೆ ನೂರಕ್ಕೊಂದು ಕಡಿತವಾಗಿ, ಒಂದೂವರೆ ಎಮ್ಮೆ ಆಗಬಹುದು. ಅರ್ಧ ಎಮ್ಮೆಯನ್ನು ಯಾವ ಸಂತೆಯಲ್ಲೂ ಮಾರುವುದಿಲ್ಲ. ಇಷ್ಟು ಸ್ಪಷ್ಟವಾಗಿ ಅವನು ಜೀವಮಾನದಲ್ಲಿ ಯಾವ ಫಂಡನ್ನೂ ಅಳೆದಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದ. ಆದರೆ ಆ ಫಂಡಿನಲ್ಲಿ ತಿಂಗಳಿಗೆ ಏನೂ ಬರುವುದಿಲ್ಲ. ಮೊದಲ ತಿಂಗಳು ಫೋನು ಟಣ್ ಎನ್ನುವುದಿಲ್ಲ, ಎರಡನೆಯ ತಿಂಗಳು ಎನ್ನುವುದಿಲ್ಲ. ಮೂರು ಹೊತ್ತು ನೋಡಿ ಗಿರಿಜಾಬಾಯಿ ಹೈದರಾಬಾದಿನಿಂದ ಅಕ್ಕನಿಗೆ ಫೋನ್ ಮಾಡುತ್ತಾಳೆ, ನಿಮ್ಮ ತಮ್ಮ ನಮಗೆ ಗೊಡ್ಡೆಮ್ಮೆ ಕಟ್ಟಿದ ಎಂದು. ಬಾಯಿಬಿಟ್ಟು ಬಯ್ಯುವವಳೂ ಅಲ್ಲ, ನಮ್ಮದು ಸಣ್ಣ ರೊಕ್ಕಾ ಎನ್ನುತ್ತಾಳೆ, ಅಷ್ಟೆ. ಆ ಮಾತನ್ನು ಇನ್ನೊಮ್ಮೆ ಕೇಳಲಾರೆ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತಾನು ಎಷ್ಟು ಮೃದು ಮನಸ್ಸಿನವನು ಎಂದು ಸಂತೋಷವೂ ಆಯಿತು. ಮೃದು ಮನಸ್ಸು ಯಾವುದು, ಬ್ಯಾಂಕಾಕಿನ ಸಮುದ್ರ ಯಾವುದು ಎಂದು ಬೇರೆ ಮಾಡಿ ಅಳೆಯಲು ಅವನ ಹತ್ತಿರ ಯಾವ ಸೂತ್ರವೂ ಇರಲಿಲ್ಲ. ಹಲಬರ್ಗಾ ದಾಟುವಾಗ ಅವನು ಖಾಲಿ ಜಾಗದಲ್ಲಿ ಅಕ್ಷಯಧಾರಾ ಎಂದು ಬರೆದ, ಪಕ್ಕದಲ್ಲಿ ಮಾಸಿಕ ಲಾಭಾಂಶ ಎಂದು ಗುರುತು ಹಾಕಿದ. ರಸ್ತೆ ತುಂಬ ಗುಂಡಿ, ಬಸ್ಸು ಒಂದೇ ಸಮ ಕುಣಿಯುತ್ತಿತ್ತು. ಅಕ್ಷರ ಒಂದೂ ಕೆಡಲಿಲ್ಲ.